ಮೊಣಕಾಲು ನೆಲ ಮುಟ್ಟಿದ ಕುಸ್ತಿ

ಹೋದ ತಿಂಗಳು ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳು ಎಂ.ಪಿ.ಎಡ್. ಮುಗಿಸಿ, ಖಾಸಗಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಕೆಲಸ ಸಿಕ್ಕಿತೆಂದು ಮೈಸೂರುಪಾಕಿನ ಡಬ್ಬಿ ಹಿಡಿದು ರಾಜಾಜಿನಗರದ ನಮ್ಮ ಮನೆಗೆ ಬಂದಿದ್ದಳು. "ನೀವು ಸೀನಿಯರ್ ಅಲ್ವಾ ಸಾರ್, ಏನಾದ್ರೂ ಟಿಪ್ಸ್ ಕೊಡಿ" ಅಂದಳು. ಟಿಪ್ಸ್ ಏನು ಕೊಡಲಿ? ಹುದ್ದೆಯ ಹೆಸರೇನೋ ದೊಡ್ಡದು. ಸೇರಿದ ಮೊದಲ ವಾರವೇ ಅವಳನ್ನು ಪ್ರಾಂಶುಪಾಲರು ಗೇಟಿನಲ್ಲಿ ನಿಲ್ಲಿಸಿ ಐಡಿ ಕಾರ್ಡ್ ನೋಡಲು ಹಚ್ಚುತ್ತಾರೆ ಎಂದು ಬಾಯಿಬಿಟ್ಟು ಹೇಳಲು ಮನಸ್ಸು ಬರಲಿಲ್ಲ. ಮೈಸೂರುಪಾಕು ತಿಂದು ಒಳ್ಳೆಯದಾಗಲಿ ಎಂದು ಕಳಿಸಿದೆ. ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಮೂವತ್ತೊಂದು ವರ್ಷ ಈ ಕೆಲಸ ಮಾಡಿದೆ. ಅದರಲ್ಲಿ ಮಕ್ಕಳಿಗೆ ಆಟ ಆಡಿಸಿದ್ದು ಅರ್ಧದಷ್ಟೂ ಇಲ್ಲ. ಶಾಮಿಯಾನ ಹಾಕಿಸಿದ್ದೇನೆ, ಮೈಕಿನವನ ಜೊತೆ ಜಗಳವಾಡಿದ್ದೇನೆ, ಅತಿಥಿಗಳಿಗೆ ಹಾರ ತರಲು ಬಸ್ಸಿನಲ್ಲಿ ಹೋಗಿದ್ದೇನೆ. ಆಡಳಿತ ಮಂಡಳಿಯವರ ನೆಂಟರ ಮದುವೆಗೆ ನಮ್ಮ ಮೈದಾನ ಕೊಡುತ್ತಿದ್ದರು. ಚಪ್ಪರದ ಗೂಟ ಕಿತ್ತ ಗುಂಡಿಗಳನ್ನು ಯಾರೂ ಮುಚ್ಚುತ್ತಿರಲಿಲ್ಲ. ಸೋಮವಾರ ಖೋ-ಖೋ ಆಡುವವಳು ಅದರಲ್ಲಿ ಕಾಲು ಉಳುಕಿಸಿಕೊಂಡರೆ ಅವಳ ತಾಯಿಯಿಂದ ಬೈಸಿಕೊಳ್ಳುವುದು ನನ್ನ ಪಾಲಿಗೆ. ಇವೆಲ್ಲ ತಲೆ ಚಿಟ್ಟು ಹಿಡಿಸುತ್ತವೆ, ನಿಜ. ಆದರೆ ಈ ಕೆಲಸದಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಪ್ರಾಂಶುಪಾಲರಲ್ಲ, ಆಡಳಿತ ಮಂಡಳಿಯಲ್ಲ, ನಾನೇ. ಒಂದು ಕುಸ್ತಿಯ ತೀರ್ಪನ್ನು ಹೇಳದೆ ಇಪ್ಪತ್ತೈದು ದಿನ ಬಾಯಿ ಹೊಲಿದುಕೊಂಡಿದ್ದೆ. ಹೇಳಬೇಕಾದವನು ನಾನೊಬ್ಬನೇ. ಕೇಳುತ್ತಿದ್ದವನು ಆ ಕುಸ್ತಿಯಲ್ಲಿ ಭುಜ ಮುರಿದುಕೊಂಡವನು.

ಕಾಲೇಜು ಮಲ್ಲತ್ತಹಳ್ಳಿ ಕೆರೆಯ ಆಚೆಗಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಹೊರದೇಶದ ವಿದ್ಯಾರ್ಥಿಗಳು ಬಂದರೆ ಕಾಲೇಜಿನ ಹೆಸರು ಏರುತ್ತದೆಂದು ನಂಬಿದ್ದ ಕಾಲ ಅದು. ಹಾಗೆ ಬಂದವರಲ್ಲಿ ಏಳು ಮಂದಿ ಮಂಗೋಲಿಯಾದವರು. ಅವರಲ್ಲಿ ತುಮುರ್ ಎಂಬಾತ ಬಿ.ಸಿ.ಎ. ಎರಡನೇ ವರ್ಷದಲ್ಲಿದ್ದ. ಗಿಡ್ಡ, ಗಟ್ಟಿ ಆಳು. ಕುತ್ತಿಗೆ ನೋಡಿದ ಕೂಡಲೇ ಇವನು ಕುಸ್ತಿಯವನೆಂದು ನನಗೆ ಗೊತ್ತಾಗಿತ್ತು, ಯಾಕೆಂದರೆ ನಾನೂ ಪ್ರಾಯದಲ್ಲಿ ಮಾಗಡಿ ರಸ್ತೆಯ ಗರಡಿಯಲ್ಲಿ ಮಣ್ಣು ಹೊತ್ತವನು, ಆಮೇಲೆ ಲೈಸೆನ್ಸು ಪಡೆದು ಊರೂರು ತಿರುಗಿ ಕುಸ್ತಿಗಳಿಗೆ ರೆಫರಿಯಾದವನು. ತುಮುರ್ ಮೆಸ್ಸಿನವರಿಂದಲೂ ಆಟೋದವರಿಂದಲೂ ಕಲಿತ ಕನ್ನಡ ಆಡುತ್ತಿದ್ದ. ಅದು ಮುಗಿದುಹೋದಾಗ ಇಂಗ್ಲಿಷಿಗೆ ಹೋಗುತ್ತಿದ್ದ. ಅವನ ನೆರಳಿನಂತೆ ಬಾಯರ್ ಎಂಬ ಗೆಳೆಯನಿದ್ದ, ತೆಳ್ಳಗೆ ಎತ್ತರದವನು.

ಒಂದು ಜೂನ್‌ನಲ್ಲಿ ಇಬ್ಬರೂ ನನ್ನ ಕೋಣೆಗೆ ಬಂದರು. ಜುಲೈಯಲ್ಲಿ ಅವರ ನಾಡಹಬ್ಬವಂತೆ, ನಾದಾಮ್ ಅಂತ ಹೆಸರು. ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ, ಈ ಮೂರು ಆಟಗಳಿಲ್ಲದೆ ಆ ಹಬ್ಬವಿಲ್ಲ. ಒಂದು ಮಧ್ಯಾಹ್ನ ಮೈದಾನ ಕೊಟ್ಟರೆ ತಾವು ಏಳು ಜನ ಆಡಿಕೊಂಡು ಹೋಗುತ್ತೇವೆ ಎಂದು ಕೇಳಿದರು. ನಾನು ಕೊಟ್ಟುಬಿಡಬೇಕಿತ್ತು. ಕೀ ನನ್ನ ಹತ್ತಿರವೇ ಇತ್ತು. ನಿಯಮದ ಪ್ರಕಾರ ಹೋಗೋಣ ಎಂದು ಪ್ರಾಂಶುಪಾಲರ ಮುಂದೆ ಅರ್ಜಿ ಇಟ್ಟೆ. ಹೊಸದಾಗಿ ಕೆಲಸಕ್ಕೆ ಸೇರುವವರು ಇದೊಂದನ್ನು ಗಮನಿಸಿ: ನಿಮ್ಮ ಕೈಯಲ್ಲೇ ಆಗುವ ಕೆಲಸವನ್ನು ಮೇಲಿನವರ ಮೇಜಿಗೆ ಒಯ್ದರೆ ಅದು ಕಾರ್ಯಕ್ರಮವಾಗುತ್ತದೆ.

ನಮ್ಮ ಪ್ರಾಂಶುಪಾಲರು ರಸಾಯನಶಾಸ್ತ್ರದವರು. ಕ್ರೀಡೆ ಎಂದರೆ ಅವರಿಗೆ ಪಥಸಂಚಲನ, ವಂದನೆ ಸ್ವೀಕಾರ, ಫೋಟೋ. ಅರ್ಜಿ ಓದಿ ಅವರ ಕಣ್ಣು ಹೊಳೆಯಿತು.

"ನಂಜುಂಡಯ್ಯನೋರೇ, ಇದನ್ನ ದೊಡ್ಡದಾಗಿ ಮಾಡೋಣ ಕಣ್ರೀ. ಇಂಡೋ-ಮಂಗೋಲಿಯನ್ ಕ್ರೀಡಾ ಉತ್ಸವ. ಪೇಪರ್‌ನೋರನ್ನ ಕರೀರಿ. ಕುದುರೆ ಅಂತೂ ಇರ್ಲೇಬೇಕು."

"ಸಾರ್, ಅವ್ರ ಕುದುರೆ ಓಟ ಮೈಲಿಗಟ್ಟಲೆ ಬಯಲಲ್ಲಿ ನಡೆಯೋದು. ನಮ್ಮ ಮೈದಾನದಲ್ಲಿ ನಾನೂರು ಮೀಟರ್ ಟ್ರ್ಯಾಕೂ ಇಲ್ಲ."

"ಓಡೋದ್ಯಾಕೆ? ನಿಂತ್ಕೊಂಡ್ರೆ ಸಾಕು. ಫೋಟೋಗೆ."

ವಿಜಯನಗರದಿಂದ ಮದುವೆ ಮೆರವಣಿಗೆಯ ಬಿಳಿ ಕುದುರೆಯೊಂದು ಬಂತು. ಕೊರಳಿಗೆ ಗೆಜ್ಜೆ, ಬೆನ್ನಿಗೆ ಜರಿಯ ಹೊದಿಕೆ. ತುಮುರ್ ಖುಷಿಯಿಂದ ಹತ್ತಿ ಕೂತ. ಹಿಮ್ಮಡಿಯಲ್ಲಿ ತಟ್ಟಿದ, ಲಗಾಮು ಅಲ್ಲಾಡಿಸಿದ, ತನ್ನ ಭಾಷೆಯಲ್ಲಿ ಕೂಗಿದ. ಕುದುರೆ ಕದಲಲಿಲ್ಲ. ಅದರ ಮಾಲೀಕ ನೊಂದುಕೊಂಡು ಹೇಳಿದ: "ಬ್ಯಾಂಡ್ ಸೆಟ್ ಬಾರ್ಸಿ ಅಣ್ಣ. ವಾದ್ಯ ಇಲ್ದೆ ಇದು ಹೆಜ್ಜೆ ಎತ್ತಲ್ಲ." ಮೂರನೇ ವಯಸ್ಸಿಗೇ ಕುದುರೆ ಏರಿದ್ದ ಆ ಹುಡುಗ ಇಳಿದು, ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲದಲ್ಲೇ ಕುಳಿತ. ಫೋಟೋ ಮಾತ್ರ ಆಯಿತು, ಕುದುರೆಯ ಪಕ್ಕದಲ್ಲಿ ಪ್ರಾಂಶುಪಾಲರದ್ದು.

ಬಿಲ್ಲುಗಾರಿಕೆಯಲ್ಲಿ ನನ್ನ ಮಾನ ಹೋಯಿತು. ನಮ್ಮ ಗುರಿಹಲಗೆಗಳನ್ನು ನೀಟಾಗಿ ನಿಲ್ಲಿಸಿದ್ದೆ. ಅವರು ಅದನ್ನು ಪಕ್ಕಕ್ಕಿಟ್ಟು, ಹಗ್ಗ ಸುತ್ತಿ ಮಾಡಿದ ಅಂಗೈಯಗಲದ ಉರುಳೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದರು. ಅವನ್ನು ಬಾಣದಿಂದ ಉರುಳಿಸಬೇಕು. ಅವರ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಬಿಲ್ಲು ಹಿಡಿದು ಅರವತ್ತು ಮೀಟರ್ ದೂರದಲ್ಲಿ ನಿಂತಳು. ಬಾಯರ್ ಮತ್ತು ಇನ್ನಿಬ್ಬರು ಹೋಗಿ ಗುರಿಯ ಪಕ್ಕದಲ್ಲೇ, ಎರಡು ಮೂರು ಮಾರು ದೂರದಲ್ಲಿ ನಿಂತುಕೊಂಡರು! ಕೈ ಎತ್ತಿ ಹಾಡು ಬೇರೆ ಶುರು ಮಾಡಿದರು. ಅವರು ತೀರ್ಪುಗಾರರಂತೆ. ಬಿದ್ದ ಬಾಣ ಹೇಗಿತ್ತೆಂದು ಹಾಡಿ ಹೇಳುವುದು ಅವರ ಪದ್ಧತಿಯಂತೆ. ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಬಿಲ್ಲು ಎತ್ತಿದಾಗ ಗೆರೆಯ ಮುಂದೆ ನರಪಿಳ್ಳೆ ಇರಬಾರದು ಎಂದು ಇಪ್ಪತ್ತೆಂಟು ವರ್ಷ ಪಾಠ ಹೇಳಿದವನು. ಜೋರಾಗಿ ಸೀಟಿ ಊದುತ್ತ, "ಸ್ಟಾಪ್, ಸ್ಟಾಪ್, ಸಾಯ್ತೀರಲ್ರೋ" ಎಂದು ಕೂಗುತ್ತ ನೇರ ನಡುವೆ ಓಡಿದೆ. ಆಗಲೇ ಬಿಟ್ಟಿದ್ದ ಬಾಣ ನನ್ನ ಮೀನಖಂಡಕ್ಕೆ ಬಡಿಯಿತು. ತುದಿಗೆ ಮೊನೆ ಇರಲಿಲ್ಲ, ರಬ್ಬರಿನ ಗುಂಡು ಸಿಕ್ಕಿಸಿದ್ದರು. ಆದರೂ ಎಂಟು ದಿನ ಕುಂಟಿದೆ. ತೀರ್ಪುಗಾರರು ನನ್ನ ಕಾಲನ್ನೂ ಸೇರಿಸಿ ಹಾಡಿದರೆಂದು ಆಮೇಲೆ ತುಮುರ್ ಹೇಳಿದ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಮದುವೆ ಮನೆಗಳಲ್ಲಿ ತಮಾಷೆಯಾಗಿ ಹೇಳಿಕೊಂಡು ಓಡಾಡುತ್ತಿದ್ದೆ.

ಕುಸ್ತಿಗೆ ಅವರಲ್ಲಿ ಗಂಡಾಳುಗಳು ಐದೇ ಜನ. ಪ್ರಾಂಶುಪಾಲರು "ನಮ್ಮೋರು ಇಲ್ದೇ ಇಂಡೋ ಎಲ್ಲಿಂದ ಬರುತ್ರೀ?" ಎಂದು ಕೇಳಿದರು. ಗರಡಿಯಿಂದ ಮೂವರು ಪೈಲ್ವಾನರನ್ನು ಕರೆತಂದೆ. ಅವರಲ್ಲಿ ಯಲ್ಲಪ್ಪ ಬಾಗಲಕೋಟೆ ಕಡೆಯವನು, ಇಪ್ಪತ್ತನಾಲ್ಕು ವರ್ಷ. ನಾಯಂಡಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ನಡೆಸುತ್ತ, ಬೆಳಗ್ಗೆ ಸಂಜೆ ಗರಡಿಗೆ ಬರುತ್ತಿದ್ದ. ಮಾತು ಕಡಿಮೆ, ಪಟ್ಟು ಬಿಗಿ. ಅವನ ಬಗ್ಗೆ ಗರಡಿಯ ಉಸ್ತಾದರಿಗೆ ತುಂಬ ಅಭಿಮಾನವಿತ್ತು.

ಕುಸ್ತಿಯ ಹಿಂದಿನ ದಿನ ತುಮುರ್ ಮತ್ತು ಬಾಯರ್ ನನಗೆ ಅವರ ನಿಯಮಗಳನ್ನು ಕೂರಿಸಿಕೊಂಡು ಹೇಳಿದ್ದರು. ತೂಕದ ವರ್ಗಗಳಿಲ್ಲ. ಬೆನ್ನು ಮಣ್ಣಿಗೆ ಹಚ್ಚಬೇಕಾಗಿಲ್ಲ. ಪಾದ ಮತ್ತು ಅಂಗೈ ಬಿಟ್ಟು ಮೈಯ ಯಾವ ಭಾಗ ನೆಲ ಮುಟ್ಟಿದರೂ, ಮೊಣಕಾಲಾಗಲಿ ಮೊಣಕೈಯಾಗಲಿ, ಅಲ್ಲಿಗೆ ಸೋಲು. ಸೋತವನು ಗೆದ್ದವನ ಎತ್ತಿದ ತೋಳಿನ ಕೆಳಗೆ ಬಗ್ಗಿ ಹಾದುಹೋಗಬೇಕು. ಅದು ಆಗುವವರೆಗೆ ಕುಸ್ತಿ ಮುಗಿದ ಲೆಕ್ಕವಲ್ಲ. ಗೆದ್ದವನು ಹದ್ದಿನಂತೆ ತೋಳು ಬಿಚ್ಚಿ ಕುಣಿಯುತ್ತಾನೆ. ಇದೆಲ್ಲ ನಾನು ಒಂದು ಚೀಟಿಯಲ್ಲಿ ಬರೆದುಕೊಂಡೆ. ನಮ್ಮ ಮೂವರಿಗೂ ಓದಿ ಹೇಳಿದೆ.

"ಮೊಣಕಾಲು ಊರಿದ್ರ ಸೋಲೇನ್ರಿ?" ಅಂತ ಯಲ್ಲಪ್ಪ ನಂಬಲಾರದೆ ಕೇಳಿದ. "ನಮ್ಮ ಅರ್ಧಾ ಕುಸ್ತಿ ಮೊಣಕಾಲ ಮ್ಯಾಗ ಐತಲ್ರಿ."

"ಅವ್ರ ಆಟ, ಅವ್ರ ರೂಲ್ಸು ಕಣಪ್ಪ. ನಾನು ಸೀಟಿ ಊದಿದ ತಕ್ಷಣ ಬಿಟ್ಬಿಡು, ಅಷ್ಟೇ" ಅಂದೆ.

ಬಾಯರ್‌ಗೆ ಈ ಸೀಟಿಯೇ ಅರ್ಥವಾಗಲಿಲ್ಲ. ಅವರಲ್ಲಿ ಪ್ರತಿ ಜಟ್ಟಿಗೂ ಒಬ್ಬ ಬೆಂಬಲಿಗ ಅಖಾಡದೊಳಗೇ ಇರುತ್ತಾನೆ, ಅವನ ಟೋಪಿ ಹಿಡಿದುಕೊಂಡು ನಿಂತು ಕುಸ್ತಿ ನೋಡಿಕೊಳ್ಳುತ್ತಾನೆ. ತುಮುರ್‌ಗೆ ಆ ಬೆಂಬಲಿಗ ಬಾಯರ್. ಆದರೆ ತೀರ್ಪು ನಮ್ಮ ರೆಫರಿಯದೇ ಆಗಬೇಕೆಂದು ಪ್ರಾಂಶುಪಾಲರ ಅಪ್ಪಣೆಯಾಗಿತ್ತು. ಶಿಸ್ತು ಬೇಕಲ್ಲ!

ಕುಸ್ತಿಯ ಹೊತ್ತಿಗೆ ಎದೆ ಪೂರ್ತಿ ತೆರೆದಿರುವ ಅವರ ಗಿಡ್ಡ ಅಂಗಿಯನ್ನು ಯಲ್ಲಪ್ಪನಿಗೂ ತೊಡಿಸಿದರು. "ಇದೇನ್ರಿ ಸರ್, ಕುಬಸ ಇದ್ದಂಗ ಐತಿ" ಎಂದು ಅವನು ಮುಖ ಕಿವುಚಿದ. ಮೊದಲ ಸುತ್ತುಗಳು ಸುಸೂತ್ರವಾಗಿ ನಡೆದವು. ಎಲ್ಲರೂ ದೊಪ್ಪೆಂದು ಬೀಳುತ್ತಿದ್ದರು, ಊದುವುದು ಸುಲಭವಾಗಿತ್ತು. ಕೊನೆಗೆ ಉಳಿದವರು ತುಮುರ್ ಮತ್ತು ಯಲ್ಲಪ್ಪ.

ಎಂಟು ಹತ್ತು ನಿಮಿಷ ಇಬ್ಬರೂ ಭುಜಕ್ಕೆ ಭುಜ ಕೊಟ್ಟು ತಿರುಗಿದರು. ನಮ್ಮ ಹುಡುಗರು ಹಲಗೆ ಬಾರಿಸುತ್ತಿದ್ದರು. ಇದ್ದಕ್ಕಿದ್ದಂತೆ ತುಮುರ್ ಒಳಗಾಲು ಹಾಕಿ, ಕಾಲಿಗೆ ಕಾಲು ಸಿಕ್ಕಿಸಿ ಎಳೆದ. ಯಲ್ಲಪ್ಪ ಎಡ ಮೊಣಕಾಲೂರಿ ಕೂತ. ಗರಡಿಯಲ್ಲಿ ಎಂಟು ವರ್ಷದಿಂದ ಕೂರುತ್ತ ಬಂದ ಹಾಗೆ ಕೂತ, ಅಲ್ಲಿಂದಲೇ ಎದುರಾಳಿಯನ್ನು ಎತ್ತುವುದಕ್ಕೆ.

ನನಗೆ ಮೊಣಕಾಲು ಕಂಡಿತು. ಇದರಲ್ಲಿ ಅನುಮಾನವಿಲ್ಲ. ನಾಲ್ಕು ಅಡಿ ದೂರದಲ್ಲಿದ್ದೆ, ಮೊಣಕಾಲು ಮಣ್ಣಿನಲ್ಲಿ ಹೂತು ನಿಂತದ್ದು ಈಗಲೂ ಕಣ್ಣ ಮುಂದಿದೆ. ಸೀಟಿ ಹಲ್ಲುಗಳ ನಡುವೆಯೇ ಇತ್ತು. ಚೀಟಿ ಜೇಬಿನಲ್ಲಿತ್ತು. ಆದರೆ ನನ್ನ ಕಣ್ಣು ಮೊಣಕಾಲನ್ನು ದಾಟಿ, ಅಭ್ಯಾಸಬಲದಿಂದ ಯಲ್ಲಪ್ಪನ ಬೆನ್ನಿಗೆ ಹೋಯಿತು. ಬೆನ್ನು ಮೇಲಿದೆ, ಕುಸ್ತಿ ನಡೆಯುತ್ತಿದೆ ಅಂತ ಮೈಯೇ ಹೇಳಿತು. ಉಸಿರು ಹೊರಗೆ ಬರಲಿಲ್ಲ. ತುಮುರ್ ತಾನು ಗೆದ್ದೆನೆಂದು ಹಿಡಿತ ಬಿಟ್ಟು, ಎದ್ದು ನಿಂತು, ಎರಡೂ ತೋಳು ಅಗಲಿಸಿದ. ಯಲ್ಲಪ್ಪ ಸೀಟಿಗೆ ಕಿವಿಗೊಟ್ಟು ಕಾದು, ಅದು ಬಾರದ್ದರಿಂದ, ತೆರೆದ ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆದ. ತುಮುರ್ ಬಲ ಭುಜದ ಮೇಲೆ ಬಿದ್ದ ಸದ್ದು ಹಲಗೆಯ ಸದ್ದಿನ ನಡುವೆಯೂ ಕೇಳಿತು.

ನಾನು ಆಗ ಊದಿದೆ, ಆದರೆ ಯಾರ ಕೈಯನ್ನೂ ಎತ್ತಲಿಲ್ಲ.

ಮೈದಾನವೆಲ್ಲ ಕೇಕೆ. ನಮ್ಮವರು ಟವಲು ಹಾರಿಸುತ್ತಿದ್ದರು. ಬಾಯರ್ ಒಬ್ಬನೇ ಟೋಪಿ ಕೈಯಲ್ಲಿ ಹಿಡಿದು ಒಳಗೆ ಓಡಿ ಬಂದು, ತುಮುರ್‌ನನ್ನು ಬಿಟ್ಟು ಮೊದಲು ನನ್ನ ಮುಖ ನೋಡಿದ. ವಿಡಿಯೋದವನನ್ನು ಕರೆಸಿದ್ದೆವು. ಅವನು ಅದೇ ಹೊತ್ತಿಗೆ ವೇದಿಕೆಯ ಮೇಲೆ ಪ್ರಾಂಶುಪಾಲರು ಅತಿಥಿಗೆ ಫಲತಾಂಬೂಲ ಕೊಡುವುದನ್ನು ಚಿತ್ರೀಕರಿಸುತ್ತಿದ್ದ. ಎಂಟು ನಿಮಿಷದ ಫಲತಾಂಬೂಲ! ಕುಸ್ತಿಯ ಕೊನೆಯ ಕ್ಷಣ ಆ ಕ್ಯಾಸೆಟ್ಟಿನಲ್ಲಿಲ್ಲ.

ಕಾಲೇಜಿನ ವ್ಯಾನು ಅತಿಥಿಯನ್ನು ಬಿಡಲು ಕಾದು ನಿಂತಿತ್ತು, ಕೊಡಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ರಿಂಗ್ ರೋಡಿನ ಪ್ರತಿ ಹಳ್ಳಕ್ಕೂ ತುಮುರ್ ಹಲ್ಲು ಕಚ್ಚುತ್ತಿದ್ದ. ನಾಗರಬಾವಿ ಸರ್ಕಲ್ ಹತ್ತಿರ ಕೇಳಿದ:

"ಸಾರ್, ಯಾರು ಗೆದ್ದಿದ್ದು?"

"ಮೊದ್ಲು ಭುಜ ತೋರ್ಸೋಣ ಕಣಯ್ಯ. ಗೆಲುವು ಸೋಲು ಆಮೇಲೆ."

ಆಮೇಲೆ ಅಂದೆನಲ್ಲ, ಆ ಆಮೇಲೆ ಇಪ್ಪತ್ತೈದು ದಿನ ನಡೆಯಿತು. ಹೆಗಲೆಲುಬು ಎರಡು ತುಂಡಾಗಿತ್ತು, ಕೀಲೂ ತಪ್ಪಿತ್ತು. ತುಮುರ್ ಗೆದ್ದ ಎಂದು ಹೇಳಿದರೆ, ಯಾವಾಗ ಗೆದ್ದ ಎಂಬ ಪ್ರಶ್ನೆ ಬರುತ್ತದೆ. ಮೊಣಕಾಲು ಊರಿದಾಗ ಎಂದರೆ, ಆಗ ಯಾಕೆ ಊದಲಿಲ್ಲ ಎಂಬ ಪ್ರಶ್ನೆ. ಅದಕ್ಕೆ ಒಂದೇ ಉತ್ತರ, ಅದು ನನ್ನ ಕೊರಳಿಗೆ ಬರುವಂಥದ್ದು. ನಿವೃತ್ತಿಗೆ ಮೂರು ವರ್ಷವಿತ್ತು. ಹೆಸರು ಕೆಡುತ್ತದೆಂಬ ಭಯ. ನನಗೆ ನನ್ನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಲ್ಲರ ಮೇಲೂ ಬಂತು. ಕೈ ಬಿಟ್ಟ ತುಮುರ್ ಮೇಲೆ, ಎತ್ತಿ ಒಗೆದ ಯಲ್ಲಪ್ಪನ ಮೇಲೆ, ಹಲಗೆಯವರ ಮೇಲೆ, ಆ ಫಲತಾಂಬೂಲದ ಮೇಲೆ.

ಪ್ರಾಂಶುಪಾಲರು ವಿಚಾರಣಾ ಸಮಿತಿ ಮಾಡಿದರು. ವಾಣಿಜ್ಯ ವಿಭಾಗದವರೊಬ್ಬರು, ಗ್ರಂಥಪಾಲಕರು, ಆಫೀಸ್ ಸೂಪರಿಂಟೆಂಡೆಂಟು. ಮೂವರಲ್ಲಿ ಒಬ್ಬರೂ ಜೀವಮಾನದಲ್ಲಿ ಕುಸ್ತಿ ನೋಡಿದವರಲ್ಲ. ಬಾಯರ್ ಬಂದು ಮೊಣಕಾಲು ಊರಿದ್ದನ್ನು ಹೇಳಿದ. "ನೀನು ಅವನ ಫ್ರೆಂಡ್ ಅಲ್ವಾ" ಎಂದು ಬರೆದುಕೊಳ್ಳಲೇ ಇಲ್ಲ. ಯಲ್ಲಪ್ಪನನ್ನು ಕರೆಸಲೂ ಇಲ್ಲ, ಅವನು ಹೊರಗಿನವನಂತೆ. ಕೊನೆಗೆ ಟೈಪಾದ ವರದಿ ನನ್ನ ಮುಂದೆ ಬಂತು: "ರೆಫರಿಯು ಸೀಟಿ ಊದುವ ಮುನ್ನವೇ ವಿದ್ಯಾರ್ಥಿಯು ತಾನಾಗಿ ಹಿಡಿತ ಸಡಿಲಿಸಿದ್ದರಿಂದ ಅಪಘಾತ ಸಂಭವಿಸಿರುತ್ತದೆ."

"ಇದ್ರಲ್ಲಿ ಸುಳ್ಳೇನಿದೆ ಹೇಳಿ ನಂಜುಂಡಯ್ಯನೋರೇ?" ಅಂದರು ಪ್ರಾಂಶುಪಾಲರು.

ಸುಳ್ಳು ಇರಲಿಲ್ಲ. ಪ್ರತಿ ಪದವೂ ನಿಜ. ಅಷ್ಟು ನಿಜ ಸೇರಿಸಿ ಎಂಥ ಮೋಸ ಕಟ್ಟಬಹುದೆಂದು ನನಗೆ ಅವತ್ತು ಗೊತ್ತಾಯಿತು. ಸಹಿ ಹಾಕಿದೆ.

ತುಮುರ್ ಮಾತ್ರ ಬಿಡಲಿಲ್ಲ. ತೋಳನ್ನು ಕುತ್ತಿಗೆಗೆ ಕಟ್ಟಿಕೊಂಡು ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕೂತು ಕೇಳಿದ. "ಊಟ ಮಾಡೋಕೆ ಬಿಡಪ್ಪ" ಅಂದೆ. ಗೇಟಿನಲ್ಲಿ ಕೇಳಿದ. "ಕಮಿಟಿ ನೋಡ್ತಾ ಇದೆ" ಅಂದೆ. ಒಂದು ಸಲ ಅವನನ್ನು ದೂರದಿಂದ ಕಂಡು ಲೈಬ್ರರಿಗೆ ನುಗ್ಗಿ, ಯಾವುದೋ ಅರ್ಥಶಾಸ್ತ್ರದ ಪುಸ್ತಕ ಬಿಚ್ಚಿಕೊಂಡು ಅರ್ಧ ಗಂಟೆ ಕೂತಿದ್ದೆ. ಐವತ್ತೈದು ವರ್ಷದ ಮನುಷ್ಯ, ಮಗನ ವಯಸ್ಸಿನವನಿಂದ ಹೀಗೆ ಅವಿತುಕೊಂಡು ತಿರುಗಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಪ್ಪತ್ತೈದನೇ ದಿನ ಅವನು ಕ್ರೀಡಾ ಕೋಣೆಗೆ ಬಂದು ಬಾಗಿಲಿಗೆ ಅಡ್ಡ ನಿಂತ. ಚಿಕಿತ್ಸೆಗೆ ಊರಿಗೆ ಹೊರಟಿದ್ದ, ಮಾರನೇ ದಿನ ವಿಮಾನ. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಅದರ ಸಾರಾಂಶ ಇಷ್ಟು: ಭುಜದ ಬಗ್ಗೆ ನನಗೆ ದೂರಿಲ್ಲ, ಕುಸ್ತಿಯಲ್ಲಿ ಎಲುಬು ಮುರಿಯುತ್ತದೆ. ನಾನು ಸೋತಿದ್ದರೆ ಆ ಜಟ್ಟಿಯ ತೋಳಿನ ಕೆಳಗೆ ಹಾದುಹೋಗಬೇಕು, ಹೋಗಿಲ್ಲ. ಗೆದ್ದಿದ್ದರೆ ಅವನು ಬರಬೇಕು, ಬಂದಿಲ್ಲ. ನಮ್ಮ ತಂದೆಯೂ ಕುಸ್ತಿಯವರು. ಫೋನ್ ಮಾಡಿದಾಗಲೆಲ್ಲ ಏನಾಯ್ತು ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದರೆ ಅವರಿಗೆ ಅರ್ಥವಾಗುವುದಿಲ್ಲ, ಕುಸ್ತಿ ಮಾಡಿದವನಿಗೆ ಹೇಗೆ ಗೊತ್ತಿಲ್ಲ ಅನ್ನುತ್ತಾರೆ. ಅಷ್ಟು ಹೇಳಿ, ಕೊನೆಯದನ್ನು ಕನ್ನಡದಲ್ಲಿ ಕೇಳಿದ.

"ಸಾರ್, ಸೋತೆ ಅಂತ ಹೇಳಿದ್ರೂ ಓಕೆ ಸಾರ್. ಏನಾದ್ರೂ ಒಂದು ಹೇಳಿ."

ನಾನು ಎಷ್ಟೋ ಕುಸ್ತಿಗಳಲ್ಲಿ ತೀರ್ಪು ಹೇಳಿದವನು. ಸೋತೆ ಎಂದರೂ ಪರವಾಗಿಲ್ಲ ಎಂದು ಯಾರೂ ನನ್ನಲ್ಲಿ ಬೇಡಿಕೊಂಡಿರಲಿಲ್ಲ. ತಲೆ ಎತ್ತಲಾಗಲಿಲ್ಲ. "ಇಲ್ಲೇ ಕೂತಿರು, ಬಂದೆ" ಎಂದು ಎದ್ದೆ.

ಪ್ರಾಂಶುಪಾಲರ ಕೋಣೆಯಲ್ಲೇ ನಿಂತು ಅರ್ಧ ಹಾಳೆ ಬರೆದುಕೊಟ್ಟೆ. ಮೊಣಕಾಲು ನೆಲ ಮುಟ್ಟಿದ್ದನ್ನು ಕಂಡೆ, ಊದಬೇಕಿತ್ತು, ಊದಲಿಲ್ಲ, ವಿದ್ಯಾರ್ಥಿಯ ತಪ್ಪಿಲ್ಲ, ಪಂದ್ಯ ಅವನದು. ಅವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಏನ್ರೀ ಇದು ನಿಮ್ಮ ತಲೆಹರಟೆ? ಫೈಲು ಕ್ಲೋಸ್ ಆಗಿ ಹದಿನೈದು ದಿನ ಆಯ್ತು. ಕಾಲೇಜಿನ ಮಾನ ಏನಾಗ್ಬೇಕು?"

"ಸಾರ್, ಆ ಹುಡುಗ ನಾಳೆ ಊರಿಗೆ ಹೋಗ್ತಾ ಇದಾನೆ."

"ಹೋಗ್ಲಿ ಬಿಡಿ. ಒಳ್ಳೇದೇ ಆಯ್ತಲ್ಲ."

ನನ್ನ ಹಾಳೆಯನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದರು. ನಾನು ಬಾಗಿಲು ಕೊಂಚ ಜೋರಾಗಿಯೇ ಎಳೆದುಕೊಂಡು ಬಂದೆ. ಅಷ್ಟು ವರ್ಷದಲ್ಲಿ ಮೇಲಿನವರ ಮುಂದೆ ನಾನು ತೋರಿಸಿದ ಧೈರ್ಯ ಅಷ್ಟೇ.

ಅರ್ಧ ದಿನ ರಜೆ ಬರೆದಿಟ್ಟು, ತುಮುರ್‌ನನ್ನು ಆಟೋದಲ್ಲಿ ಕೂರಿಸಿಕೊಂಡು ನಾಯಂಡಹಳ್ಳಿಗೆ ಹೋದೆ. ಯಲ್ಲಪ್ಪನ ವರ್ಕ್‌ಶಾಪು ಮೈಸೂರು ರಸ್ತೆಯಿಂದ ಒಳಗೆ, ಗೋಡೌನುಗಳ ಹಿಂದೆ. ನಮ್ಮನ್ನು ಕಂಡು ಅವನು ಲೇತ್ ನಿಲ್ಲಿಸಿದ, ಎಣ್ಣೆಯ ಕೈಯನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸಿಕೊಂಡ. ಅವನ ಕಣ್ಣು ಮೊದಲು ಹೋದದ್ದು ತುಮುರ್‌ನ ಕಟ್ಟಿದ ತೋಳಿಗೆ.

"ಹೆಂಗೈತಿ ಅಣ್ಣಾ?" ಅಂತ ಕೇಳಿದ.

ತುಮುರ್ "ಪರವಾಗಿಲ್ಲ ಗುರು" ಅಂದ.

ನಾನು ಪೀಠಿಕೆ ಹಾಕಲು ಹೋಗಲಿಲ್ಲ. "ಯಲ್ಲಪ್ಪ, ಆವತ್ತು ನಿನ್ನ ಮೊಣಕಾಲು ಮಣ್ಣು ಮುಟ್ತು. ನಾನು ನೋಡ್ದೆ. ನೋಡಿಯೂ ಊದಲಿಲ್ಲ. ಕುಸ್ತಿ ಅಲ್ಲಿಗೇ ಮುಗಿದಿತ್ತು. ಗೆದ್ದಿದ್ದು ತುಮುರ್" ಅಂದೆ.

ಯಲ್ಲಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಲೇತಿನ ಮೇಲಿಟ್ಟ. ಆಮೇಲೆ, "ಇದನ್ನ ಅವತ್ತ ಯಾಕ ಹೇಳಲಿಲ್ರಿ?" ಅಂದ.

ಅವನೇ ಮುಂದುವರಿಸಿದ.

"ಗರಡಿಗೆ ಹೋಗೂದ ಬಿಟ್ಟೀನ್ರಿ ನಾ. ಕೈ ಬಿಟ್ಟು ನಿಂತಾಂವನ್ನ ಎತ್ತಿ ಒಗದಾಂವ ಅಂತ ಎಲ್ಲಾರೂ ಆಡ್ಕೊಂತಾರ. ಉಸ್ತಾದರು ಮಾರಿ ಕೊಟ್ಟು ಮಾತಾಡವಲ್ರು. ಸೀಟಿ ಆಗಿತ್ತೋ ಏನೋ, ಹಲಗಿ ಸಪ್ಪಳದಾಗ ನನಗ ಕೇಳಿಸಲಿಲ್ಲೋ ಏನೋ ಅಂತ ದಿನಾ ಅದನ್ನ ವಿಚಾರ ಮಾಡಾಕತ್ತಿದ್ದೆ. ನನ್ನ ಮ್ಯಾಲ ನನಗ ಸಂಶೆ ಬಂದಿತ್ತು."

ಇದು ನನಗೆ ಹೊಳೆದೇ ಇರಲಿಲ್ಲ. ಇಪ್ಪತ್ತೈದು ದಿನ ಒಬ್ಬನಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ. ಇನ್ನೊಬ್ಬ ಇಲ್ಲಿ, ಈ ಕಬ್ಬಿಣದ ಚೂರುಗಳ ನಡುವೆ, ತಾನು ಕೊಟ್ಟ ಏಟಿಗೆ ಅರ್ಥ ಹುಡುಕುತ್ತ ನಿಂತಿದ್ದ.

"ಉಸ್ತಾದರ ಹತ್ರ ಇವತ್ತೇ ಹೋಗಿ ಹೇಳ್ತೀನಿ" ಅಂದೆ. ಸಂಜೆ ಹೋಗಿ ಹೇಳಿದೆ ಕೂಡ.

ತುಮುರ್ ಎಡ ತೋಳು ಎತ್ತಿದ. ಯಲ್ಲಪ್ಪನಿಗೆ ಯಾರೂ ನೆನಪು ಮಾಡಬೇಕಾಗಿರಲಿಲ್ಲ. ಅಷ್ಟೆತ್ತರದ ಆಳು ಬಗ್ಗಿ, ಆ ತೋಳಿನ ಕೆಳಗೆ ಹಾದು, ಆಚೆ ಬದಿ ಎದ್ದು ನಿಂತ. ತುಮುರ್ ಅವನ ಬೆನ್ನು ತಟ್ಟಿದ. ಪಕ್ಕದ ಮಶೀನಿನವರು ಏನೂ ಅರ್ಥವಾಗದೆ ಇಣುಕಿ ನೋಡುತ್ತಿದ್ದರು.

ಬೀದಿಯ ಮೂಲೆಯಲ್ಲಿ ಐ.ಎಸ್.ಡಿ. ಬೂತ್ ಇತ್ತು. ತುಮುರ್ ಮನೆಗೆ ಫೋನ್ ಮಾಡುತ್ತೇನೆಂದು ಒಳಗೆ ಹೋದ. ನಾವಿಬ್ಬರೂ ಹೊರಗೆ ನಿಂತೆವು. ಗಾಜಿನ ಬಾಗಿಲು ಮುಚ್ಚಿದ್ದರೂ ಅವನ ದನಿ ರಸ್ತೆಗೆ ಕೇಳುತ್ತಿತ್ತು. ಭಾಷೆ ಗೊತ್ತಿಲ್ಲ, ಆದರೂ ಆ ನಗು ಯಾರಿಗೂ ತಿಳಿಯುವಂಥದ್ದು. ಇರುವ ಒಂದೇ ಕೈಯಲ್ಲಿ ರಿಸೀವರ್ ಹಿಡಿದು, ಕಾಲಿನಲ್ಲೇ ಒಳಗಾಲು ಹಾಕಿದ ಪಟ್ಟನ್ನು ತೋರಿಸುತ್ತಿದ್ದ. ನನಗೆ ಮನಸ್ಸು ಹಗುರಾಯಿತು. ಎಲ್ಲ ಸರಿಹೋಯಿತು ಎಂದೇ ಭಾವಿಸಿದೆ.

ಯಲ್ಲಪ್ಪ ನನ್ನ ಕಡೆ ತಿರುಗಿದ.

"ಸರ್, ಒಂದ ಮಾತ ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಇನ್ನ ಮ್ಯಾಲ ನೀವು ಸೀಟಿ ಹಿಡಕೊಂಡು ಕುಸ್ತಿಗೆ ನಿಂದರಬ್ಯಾಡ್ರಿ."

ಅವನ ದನಿಯಲ್ಲಿ ಕೋಪವಿರಲಿಲ್ಲ, ಗೌರವ ಕಡಿಮೆಯಾಗಿರಲಿಲ್ಲ.

"ಸೀಟಿ ತಪ್ಪಿದ್ದಕ್ಕ ಅಲ್ರಿ. ಅದು ಯಾರ ಕಡಿಂದನೂ ಆಗತೈತಿ. ಇಷ್ಟ ದಿನ ಸುಮ್ಮನ ಇದ್ರಲ್ಲ, ಅದಕ್ಕ."

ಇಷ್ಟು ವರ್ಷದ ಅನುಭವ, ಲೈಸೆನ್ಸು, ಕಮಿಟಿ, ಪ್ರಾಂಶುಪಾಲರು, ನನ್ನ ಪರವಾಗಿ ಹೇಳಬಹುದಾದ ಎಲ್ಲವೂ ಒಟ್ಟಿಗೆ ನಾಲಿಗೆಯ ತುದಿಗೆ ಬಂತು. ಅವನು ಕಾಯುತ್ತಿದ್ದ.

"ಆಯ್ತಪ್ಪ, ನಿಲ್ಲಲ್ಲ" ಅಂದೆ.

ಆವತ್ತಿನಿಂದ ನಿಂತಿಲ್ಲ.